ಜರಡಿ ಹೇಳಿದ ಸಾಲು

ಹೊಗಳಿದಾಗ ಏನು ಹೇಳಬೇಕೆಂಬುದನ್ನು ಅವಳು ಹಲ್ಲುಜ್ಜುವಾಗಲೇ ಗೊತ್ತುಮಾಡಿಕೊಂಡಿದ್ದಳು. "ಅಯ್ಯೋ, ಅದೇನು ದೊಡ್ಡ ಕೆಲಸ ಅಲ್ಲ ಬಿಡಿ." ಇಷ್ಟೇ. ಹೇಳಿ ತಲೆಯನ್ನು ತುಸು ತಗ್ಗಿಸಬೇಕು, ಪೂರಾ ತಗ್ಗಿಸಬಾರದು. ಪೂರಾ ತಗ್ಗಿಸಿದರೆ ಜನ ಅದು ನಿಜವಾಗಿಯೂ ದೊಡ್ಡ ಕೆಲಸವಲ್ಲವೆಂದು ನಂಬಿಬಿಟ್ಟಾರು. ಬಾಯಿತುಂಬ ನೊರೆ ಇಟ್ಟುಕೊಂಡೇ ಎರಡು ಮೂರು ಸಲ ಹೇಳಿ ನೋಡಿದಳು. ಪ್ರತಿ ಸಲವೂ 'ಬಿಡಿ' ಎನ್ನುವಲ್ಲಿ ಧ್ವನಿ ಬೇಡದಷ್ಟು ಮೆತ್ತಗಾಗಿ, ಇದು ತನ್ನ ಗಂಟಲಲ್ಲ ಅನ್ನಿಸುತ್ತಿತ್ತು. ಬಚ್ಚಲಿನ ಬಾಗಿಲಾಚೆ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದ ಅಕ್ಕ, "ಯಾರ ಜೊತೆ ಮಾತಾಡ್ತಿದ್ದೀಯೇ ಚುಟುಕಿ?" ಎಂದು ಕೂಗಿದಳು. "ಯಾರ ಜೊತೇನೂ ಇಲ್ಲ." "ಹಾಗಾದ್ರೆ ಸರಿ. ಸನ್ಮಾನ ಈಗ್ಲೇ ಶುರುವಾಯ್ತೇನೋ ಅಂದ್ಕೊಂಡೆ." ಅಕ್ಕ ಹುಟ್ಟಿದ್ದೇ ತನ್ನ ಗಾಳಿ ಇಳಿಸುವುದಕ್ಕೆ ಎಂದು ಅವಳಿಗೆ ಚಿಕ್ಕಂದಿನಿಂದಲೂ ಗೊತ್ತು. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಒಂದೇ ಮನೆಯಲ್ಲಿ ಇದ್ದುಬಿಟ್ಟಿದ್ದರಿಂದ ಆ ಕೆಲಸಕ್ಕೆ ಅಕ್ಕನಿಗೆ ರಜೆಯೇ ಇರಲಿಲ್ಲ.

ಆದರೆ ಇವತ್ತು ಗಾಳಿ ಇಳಿಯುವ ದಿನವಲ್ಲ. ಇವತ್ತು ಅವಳ ಜರಡಿಯನ್ನು ಎಲ್ಲರೂ ನೋಡುತ್ತಾರೆ. ಅವಳ ಕಂಪನಿ ಆಸ್ಪತ್ರೆಗಳಿಗೆ ಒಂದು ಪಂಪು ಮಾಡಿಕೊಡುತ್ತದೆ. ಮಂಚದ ಪಕ್ಕದ ಕಂಬಕ್ಕೆ ಸಿಕ್ಕಿಸಿದರೆ ಬಾಟಲಿಯ ಔಷಧವನ್ನು ಅಳತೆ ತಪ್ಪದೆ ಹನಿಹನಿಯಾಗಿ ರಕ್ತನಾಳಕ್ಕೆ ಬಿಡುವ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಸಾಫ್ಟ್‌ವೇರಿನಲ್ಲಿ ಯಾರೋ ಒಂದು ಅಕ್ಷರ ತಿದ್ದಿದರೂ ಸಾವಿರಾರು ಪರೀಕ್ಷೆ ಆಗಬೇಕು. ಲ್ಯಾಬಿನ ಉದ್ದನೆಯ ಮೇಜುಗಳ ಮೇಲೆ ಪಂಪುಗಳು ರಾತ್ರಿಯಿಡೀ ತಾವೇ ಆ ಪರೀಕ್ಷೆಗಳನ್ನು ಓಡಿಸಿಕೊಂಡು, ಗೆದ್ದದ್ದು ಸೋತದ್ದು ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಕಕ್ಕಿಟ್ಟಿರುತ್ತವೆ. ಮೊದಲೆಲ್ಲ ಆ ರಾಶಿಯನ್ನು ಓದುವುದರಲ್ಲೇ ಮೂರು ಜನಕ್ಕೆ ಮಧ್ಯಾಹ್ನವಾಗಿಬಿಡುತ್ತಿತ್ತು. ಈಗ ಹಾಗಿಲ್ಲ. ಕಪ್ಪು ಕಿಟಕಿಯೊಂದನ್ನು ತೆರೆದು 'ಜರಡಿ' ಎಂದು ಟೈಪು ಮಾಡಿ ಕೀಲಿ ಒತ್ತಿದರೆ ಸಾಕು, ರಾಶಿಯೆಲ್ಲ ಸೋಸಿ ಒಂದು ಸಾಲು ಬೀಳುತ್ತದೆ: ಸೋತದ್ದು ಇಷ್ಟು, ಯಾಕೆ. ಒಂದೂ ಸೋಲದಿದ್ದರೆ ಸಾಲು ಹಸಿರು, ಸೋತರೆ ಕೆಂಪು. ಅದನ್ನು ಅವಳು ಯಾರೂ ಹೇಳದೆ, ಯಾರನ್ನೂ ಕೇಳದೆ, ತನ್ನ ಊಟದ ಹೊತ್ತನ್ನು ಕಳೆದುಕೊಂಡು ಬರೆದಿದ್ದಳು. ಕೀಲಿ ಒತ್ತಿದ ಮೇಲೆ ಸಾಲು ಬೀಳುವುದಕ್ಕೆ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಜರಡಿ ರಾಶಿಯನ್ನು ಓದುತ್ತಿರುವ ಹೊತ್ತು ಅದು. ದಿನವೆಲ್ಲ ಕುಡಿಯುವ ಕಾಫಿಯಲ್ಲಿ ಅವಳಿಗೆ ರುಚಿ ಹತ್ತುತ್ತಿದ್ದದ್ದು ಆ ಒಂದು ಗುಟುಕಿನಲ್ಲಿ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ, ಅವಳಿಗೇನೂ ಬೇಜಾರಿಲ್ಲ. ಮೊದಲು ಜರಡಿ ಒಂದು ಪುಟ ಮುದ್ರಿಸುತ್ತಿತ್ತು. ಆಮೇಲೆ ನಾಲ್ಕು ಸಾಲು. ಇಷ್ಟು ಓಡಿದವು, ಇಷ್ಟು ಗೆದ್ದವು, ಇಷ್ಟನ್ನು ಬಿಟ್ಟೆವು ಅಂತೆಲ್ಲ ಇತ್ತು. ಅದನ್ನೂ ಕತ್ತರಿಸಿ ಕತ್ತರಿಸಿ ಕೊನೆಗೆ ಒಂದೇ ಸಾಲಿಗೆ ತಂದು ನಿಲ್ಲಿಸಿದಾಗ ಅವಳಿಗೆ ಅಪ್ಪನ ನಗು ಕೇಳಿಸಿತ್ತು. ಅಪ್ಪ ಬಸ್ಸಿನ ಡ್ರೈವರು. ದಿನವಿಡೀ ಹಾರ್ನು, ಗಂಟೆ, ಜನರ ಬೈಗುಳ ಕಿವಿಯಲ್ಲಿ ತುಂಬಿಕೊಂಡು ಬಂದು ಊಟಕ್ಕೆ ಕೂತರೆ, "ಏನಾಯ್ತು ಇವತ್ತು, ಒಂದೇ ಮಾತಲ್ಲಿ ಹೇಳ್ರಮ್ಮ" ಅನ್ನುತ್ತಿದ್ದ. ಅಕ್ಕ ಶಾಲೆಯ ಗೇಟಿನಿಂದ ಶುರು ಮಾಡುತ್ತಿದ್ದಳು. ಗೇಟಿನ ಹತ್ತಿರ ನಾಯಿ ಮಲಗಿತ್ತು, ನಾಯಿಯ ಕಾಲು ಕುಂಟಿತ್ತು, ಕುಂಟಿದ್ದು ಯಾಕೆ ಅಂದರೆ... ಅಪ್ಪನ ರೆಪ್ಪೆ ಇಳಿಯುತ್ತಿತ್ತು. ಆಗ ತಾನು ನಡುವೆ ಬಾಯಿ ಹಾಕಿ, "ಗಣಿತದಲ್ಲಿ ಗೆದ್ದೆ, ಓಟದಲ್ಲಿ ಬಿದ್ದೆ, ಅಷ್ಟೇ ಅಪ್ಪ" ಅನ್ನುವುದು, ಅಪ್ಪ ಹೊಟ್ಟೆ ಕುಣಿಸಿ ನಕ್ಕು, "ನೋಡು, ನನ್ನ ಚುಟುಕಿ!" ಎಂದು ತನ್ನ ತಟ್ಟೆಯ ತುತ್ತು ತೆಗೆದು ಕೊಡುವುದು. ಅಕ್ಕ ಅರ್ಧಕ್ಕೆ ನಿಂತ ಕಥೆಯನ್ನು ಅನ್ನದ ಜೊತೆ ನುಂಗುತ್ತಿದ್ದಳು. ರಾತ್ರಿ ಹಾಸಿಗೆಯಲ್ಲಿ, "ನೀನು ಹೇಳದೆ ಬಿಟ್ಟದ್ದನ್ನೆಲ್ಲ ಯಾರು ಹೇಳ್ತಾರೆ ಹಾಗಾದ್ರೆ?" ಎಂದು ಕೇಳಿದ್ದಳು ಒಂದು ಸಲ. ನಾಯಿ ಕುಂಟಿದ್ದು ಯಾಕೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

"ಬ್ರೆಡ್ಡು ತಣ್ಣಗಾಯ್ತು," ಅಂದಳು ಅಕ್ಕ. ಇಸ್ತ್ರಿ ಮುಗಿದು, ಬಿಳಿ ಯೂನಿಫಾರ್ಮು ತೊಟ್ಟು, ಕುತ್ತಿಗೆಗೆ ಗುರುತಿನ ಚೀಟಿ ಬಿದ್ದಿತ್ತು. ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಇವಳ ಕಂಪನಿಯ ಪಂಪುಗಳನ್ನು ಕೊಳ್ಳುವುದೂ ಅದೇ ಆಸ್ಪತ್ರೆ. "ಹೊಸ ಸಾಫ್ಟ್‌ವೇರು ಇವತ್ತು ಸಾಯಂಕಾಲ ಹಾಕ್ತಾರಂತೆ, ನಮ್ಮ ವಾರ್ಡಿಗೇ ಮೊದಲು. ನಿಮ್ಮ ಕಡೆಯಿಂದ ಹಸಿರು ಬಂದ್ರೆ." "ಬರುತ್ತೆ. ನನ್ನ ಜರಡಿಯಿಂದಾನೇ ಬರೋದು." "ಅದೇ ನೋಡು ಜಂಬ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ. ತಿಂದಾದ್ರೂ ಹೋಗು." ಅಕ್ಕ ಚೀಲ ಹೆಗಲಿಗೇರಿಸಿ ಚಪ್ಪಲಿ ಹುಡುಕುತ್ತ ನಿನ್ನೆಯ ಡ್ಯೂಟಿಯ ಕಥೆ ಶುರು ಮಾಡಿದಳು. ಹೊಸದಾಗಿ ಸೇರಿದ ನರ್ಸೊಬ್ಬಳು ಕೂಗಾಡುವ ರೋಗಿಯ ಹತ್ತಿರವೇ ನಿಂತಿದ್ದಳಂತೆ. "ಕೂಗೋನಿಗೆ ಉಸಿರಿದೆ ಅಂತ ಗೊತ್ತಾಯ್ತಲ್ಲ, ಮೊದಲು ಸುಮ್ಮನೆ ಮಲಗಿರೋನ ಮಂಚಕ್ಕೆ ಹೋಗಮ್ಮ ಅಂದೆ ನಾನು..." ಕಥೆ ಇನ್ನೂ ಉದ್ದವಿತ್ತು. ಇವಳು ಗಡಿಯಾರ ನೋಡಿದಳು. ಅಕ್ಕ ಅದನ್ನು ಕಂಡು ಕಥೆಯನ್ನು ಬಾಗಿಲಲ್ಲೇ ಬಿಟ್ಟು ಹೊರಟುಹೋದಳು.

ಆಫೀಸಿನ ಲಿಫ್ಟಿನಲ್ಲಿ ಇಬ್ಬರು ಅವಳನ್ನು ಕಂಡು "ಆಲ್ ದಿ ಬೆಸ್ಟ್ ಮೇಡಂ" ಅಂದರು. ಸುದ್ದಿ ಹರಡಿದೆ ಎಂದಾಯಿತು. ಜರಡಿ ಇವತ್ತು ಮೆಚ್ಚುಗೆಯಾದರೆ ಕಂಪನಿಯ ಎಲ್ಲ ಶಾಖೆಗಳಿಗೂ ಹೋಗುತ್ತದೆ, ಎಲ್ಲ ಶಾಖೆಗಳ ಪರೀಕ್ಷೆಯ ಮೇಲೆ ಒಬ್ಬರು ಮುಖ್ಯಸ್ಥರು ಬೇಕಾಗುತ್ತಾರೆ, ಆ ಒಬ್ಬರು ಯಾರೆಂದು ಮ್ಯಾನೇಜರು ಬಾಯಿ ಬಿಟ್ಟು ಹೇಳದಿದ್ದರೂ ಹುಬ್ಬಿನಲ್ಲಿ ಹೇಳಿಯಾಗಿತ್ತು. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಲ್ಯಾಬಿನ ಮುಂದಿನ ಓಣಿಯನ್ನು ಯಾರೋ ಕನ್ನಡಿಯ ಹಾಗೆ ಉಜ್ಜಿದ್ದರು. ಆಸ್ಪತ್ರೆಯವರು ಬರುತ್ತಾರೆಂದು ಮ್ಯಾನೇಜರು ನಿನ್ನೆ ಸಂಜೆಯಿಂದಲೇ ಇಡೀ ಮಹಡಿಯನ್ನು ತಿಕ್ಕಿಸಿದ್ದ. ನಡೆಯುತ್ತಿದ್ದರೆ ತನ್ನ ಹೊಸ ಬೂಟಿನ ಟಕ್ ಟಕ್ ಸದ್ದು ತನಗೇ ಕೇಳಿಸುತ್ತಿತ್ತು. ಇಷ್ಟು ವರ್ಷ ಈ ಓಣಿಯಲ್ಲಿ ನಡೆದರೂ ತನ್ನ ಹೆಜ್ಜೆಯ ಸದ್ದು ಕೇಳಿಸಿದ್ದು ಇದೇ ಮೊದಲು. ಘನತೆ ಬಂದರೆ ಹೀಗಿರುತ್ತದೆ ಅಂದುಕೊಂಡಳು. ಅಂದುಕೊಂಡು ತನಗೇ ನಗು ಬಂತು. ಮನಸ್ಸಿನ ಮೂಲೆಯಲ್ಲೊಂದು ಕಡೆ, ಮನೆಯಿಂದ ಹೊರಟ ಮೇಲೆ ಒಲೆ ಆರಿಸಿದೆನೋ ಇಲ್ಲವೋ ಎನ್ನುವಂಥ ಕಿರಿಕಿರಿ ಎದ್ದಿತು. ಒಲೆ ಆರಿಸಿದ್ದು ಚೆನ್ನಾಗಿ ನೆನಪಿತ್ತು. ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟಳು.

ಸಭೆಯ ಕೋಣೆಯಲ್ಲಿ ಮೊದಲು ಕಂಡವನೇ 'ಆದ್ರೆ ಸಾರ್'. ಪರೀಕ್ಷೆಯ ವಿಭಾಗದಲ್ಲಿ ಎಲ್ಲರಿಗಿಂತ ಹಳಬ, ಯಾವ ಮಾತನ್ನೇ ಆಗಲಿ "ಆದ್ರೆ..." ಎಂದೇ ಶುರು ಮಾಡುವುದರಿಂದ ಆ ಹೆಸರು ಅಂಟಿಕೊಂಡು, ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹಿಂದಿನ ಸಾಲಿನ ಮೂಲೆಯಲ್ಲಿ ಟೀ ಲೋಟ ಹಿಡಿದು ಕೂತಿದ್ದವನು ಇವಳನ್ನು ಕಂಡು ನಕ್ಕ. ಅವಳೂ ನಕ್ಕಳು, ಆದರೆ ಕಣ್ಣು ಅವನ ಲೋಟದಿಂದ ಮೇಲೇಳಲಿಲ್ಲ. ಹೋದ ವಾರ ಕ್ಯಾಂಟೀನಿನಲ್ಲಿ ಜರಡಿಯ ಒಂದು ಸಾಲನ್ನು ಎಲ್ಲರಿಗೂ ತೋರಿಸಿ, ಮೇಜಿನ ಸುತ್ತ ಆಹಾ ಓಹೋ ಎದ್ದಿದ್ದಾಗ, ಈತ ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡು, "ಆದ್ರೆ ಮೇಡಂ, ಕಾಳೇ ಹಾಕದಿದ್ರೆ ನಿಮ್ಮ ಜರಡಿ ಏನು ಹೇಳುತ್ತೆ?" ಎಂದು ನಿಧಾನವಾಗಿ ಕೇಳಿದ್ದ. ಎಲ್ಲರೂ ಹೊಗಳುತ್ತಿರುವಾಗ ಇವನೊಬ್ಬ! ಅವಳ ಬಾಯಿಗೆ ಉತ್ತರ ತಡವಾಗಿ ಬಂದದ್ದೇ ಇಲ್ಲ. "ಕಾಳು ಹಾಕದೆ ಜರಡಿ ಹಿಡಿಯೋರು ಯಾರು ಸಾರ್? ನಿಮ್ಮ ಮನೇಲಿ ಹಾಗೇನಾ?" ಅಂದಿದ್ದಳು. ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆ ಅವನ ಬಿಸ್ಕತ್ತು ನೆನೆದು ಟೀಯೊಳಗೆ ಕಳಚಿ ಬಿತ್ತು. ಅವನೂ ನಗುತ್ತಲೇ ಚಮಚ ಹುಡುಕಿ, ತಳದಲ್ಲಿ ಕೂತಿದ್ದ ಬಿಸ್ಕತ್ತನ್ನು ಚೂರು ಚೂರಾಗಿ ಎತ್ತಿ ಬಸಿಗೆ ಹಾಕುತ್ತಿದ್ದ. ಆ ಚಮಚ ಒಂದು ವಾರದಿಂದ ಅವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ನೆನಪಾಗುತ್ತಿತ್ತು. ತಮಾಷೆಗೆ ಅಂದದ್ದಲ್ಲವೇ? ತಮಾಷೆಗೇ. ಅವನೂ ನಕ್ಕಿದ್ದನಲ್ಲವೇ? ನಕ್ಕಿದ್ದ.

ಆಸ್ಪತ್ರೆಯಿಂದ ಬಂದಿದ್ದವರು ಒಬ್ಬ ಡಾಕ್ಟರಮ್ಮ, ಬಿಳಿ ಕೂದಲಿನವರು, ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಂಡವರು. ಯಾವ ಪಂಪು ಬೇಕು, ಯಾವುದು ಬೇಡ ಎಂಬುದೆಲ್ಲ ಅವರ ಕೈಯಲ್ಲಿತ್ತು. ಮ್ಯಾನೇಜರು ಜರಡಿಯ ಗುಣಗಾನ ಮಾಡಿದ. ತಾನೇ ಹೆತ್ತು ಸಾಕಿದವನಂತೆ ಮಾಡಿದ, ಇರಲಿ. "ನಿನ್ನೆ ರಾತ್ರಿ ನಿಮ್ಮ ಪಂಪಿನ ಮೇಲೆ ಸಾವಿರಾರು ಪರೀಕ್ಷೆ ಓಡಿವೆ ಡಾಕ್ಟರ್. ಫಲಿತಾಂಶ ಇನ್ನೂ ನಾವೇ ನೋಡಿಲ್ಲ. ಈಗ ನಿಮ್ಮ ಕಣ್ಣೆದುರಿಗೇ ನೋಡೋಣ. ಏನಮ್ಮ, ತೋರಿಸಿಬಿಡು." ಗೋಡೆಯ ಮೇಲೆ ಕಪ್ಪು ಕಿಟಕಿ ಬಾಗಿಲಿನಷ್ಟು ದೊಡ್ಡದಾಗಿ ತೆರೆಯಿತು. ಅವಳು 'ಜರಡಿ' ಎಂದು ಟೈಪು ಮಾಡಿದಳು. ಅಕ್ಷರಗಳು ಅಷ್ಟು ದೊಡ್ಡದಾಗಿ ಮೂಡಿದ್ದನ್ನು ಕಂಡು ಎದೆ ಉಬ್ಬಿತು, ಸುಳ್ಳೇಕೆ ಹೇಳಬೇಕು. ಅಪ್ಪ ಇದ್ದಿದ್ದರೆ ಎಂದುಕೊಂಡಳು. ಕೀಲಿ ಒತ್ತಿ, ರೂಢಿಯಂತೆ ಕಾಫಿ ಲೋಟಕ್ಕೆ ಕೈ ಹಾಕಿದಳು. ಲೋಟ ಇನ್ನೂ ಮೇಜು ಬಿಟ್ಟಿರಲಿಲ್ಲ, ಸಾಲು ಬಿದ್ದುಬಿಟ್ಟಿತ್ತು. ಹಚ್ಚ ಹಸಿರು ಅಕ್ಷರ: ಸೋತದ್ದು ಸೊನ್ನೆ.

ಚಪ್ಪಾಳೆ ಶುರುವಾಯಿತು. ಅವಳ ಕೈಯಲ್ಲಿ ಕಾಫಿ ಲೋಟ ಹಾಗೇ ಇತ್ತು, ಕುಡಿಯದ ಗುಟುಕಿನ ಸಮೇತ. ಎಲ್ಲಿ ಹೋಯಿತು ಆ ಹೊತ್ತು? ರಾಶಿಯನ್ನು ಓದುವುದಕ್ಕೆ ಜರಡಿಗೆ ಒಂದು ಗುಟುಕಿನ ಹೊತ್ತು ಬೇಕು, ಬೇಕೇ ಬೇಕು, ಅದಕ್ಕಿಂತ ಬೇಗ ಅದು ಒಂದು ದಿನವೂ ಹೇಳಿದ್ದಿಲ್ಲ. ಓದದೆ ಹೇಳಿತೇ? ಓದುವುದಕ್ಕೆ ಏನೂ ಇರಲಿಲ್ಲವೇ? ಓಣಿಯಲ್ಲಿ ತನ್ನ ಬೂಟು ಟಕ್ ಟಕ್ ಅಂದದ್ದು ಈಗ ಇನ್ನೊಂದು ಸಲ ಕೇಳಿಸಿತು. ಲ್ಯಾಬಿನ ಪಂಪುಗಳು ಹಗಲು ರಾತ್ರಿ ಗುಂಯ್ ಎನ್ನುತ್ತಿರುತ್ತವೆ, ಆ ಗುಂಯ್ಯಿನಲ್ಲಿ ಯಾರ ಹೆಜ್ಜೆಯೂ ಯಾರಿಗೂ ಕೇಳಿಸುವುದಿಲ್ಲ. ಇವತ್ತು ಕೇಳಿಸಿತ್ತು. ಪಂಪುಗಳು ನಿಂತಿವೆ. ರಾತ್ರಿ ಒಂದು ಪರೀಕ್ಷೆಯೂ ಓಡಿಲ್ಲ. ಓಡದೆ ಇದ್ದದ್ದು ಸೋಲುವುದು ಹೇಗೆ? ಸೋತದ್ದು ಸೊನ್ನೆ. ಇಷ್ಟು ಓಡಿದವು ಎಂಬ ಸಾಲು ಮೊದಲು ಇತ್ತಲ್ಲ, ಅದನ್ನು ಕತ್ತರಿಸಿದ ಕೈ ಯಾರದು? "ಕಾಳೇ ಹಾಕದಿದ್ರೆ ನಿಮ್ಮ ಜರಡಿ ಏನು ಹೇಳುತ್ತೆ?" ಇದನ್ನೇ ಹೇಳುತ್ತೆ ಸಾರ್. ಕಲ್ಲು ಒಂದೂ ಇಲ್ಲ, ಎಲ್ಲ ಸ್ವಚ್ಛ ಅಂತ ಹೇಳುತ್ತೆ.

"ಹಾಗಾದ್ರೆ ಇವತ್ತು ಸಾಯಂಕಾಲವೇ ವಾರ್ಡಿಗೆ ಹಾಕಿಸಿಬಿಡೋಣ," ಎಂದರು ಡಾಕ್ಟರಮ್ಮ, ಚೀಲದ ಜಿಪ್ಪು ಎಳೆಯುತ್ತ. ಮ್ಯಾನೇಜರು ಅವಳ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ, "ಇನ್ನು ಮೇಲೆ ಎಲ್ಲ ಶಾಖೆಗಳ ಪರೀಕ್ಷೆಗೂ ನಮ್ಮ ಮೇಡಮ್ಮೇ ಮುಖ್ಯಸ್ಥರು!" ಎಂದ. ಮತ್ತೆ ಚಪ್ಪಾಳೆ. ಬೆಳಿಗ್ಗೆಯಿಂದ ಉರುಹೊಡೆದಿದ್ದ ಬಾಯಿ ತಾನೇ ತೆರೆದುಕೊಂಡಿತು. "ಅಯ್ಯೋ, ಅದೇನು ದೊಡ್ಡ ಕೆಲಸ ಅಲ್ಲ ಬಿಡಿ." ತಲೆ ತುಸು ತಗ್ಗಿತು, ಪೂರಾ ತಗ್ಗಲಿಲ್ಲ, ಹೇಗೆ ಬೇಕೋ ಹಾಗೆ. ಎಲ್ಲರೂ ನಕ್ಕು ಮೆಚ್ಚಿಕೊಂಡರು. ಆಡಿದ ಮಾತು ನಿಜವಾಗಿತ್ತು, ಅದು ನಿಜವೆಂದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಸುಮ್ಮನಿದ್ದರೆ? ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಸಭೆ ಮುಗಿಯಲಿ, ಮ್ಯಾನೇಜರನ್ನು ಓಣಿಗೆ ಕರೆದು ಕಿವಿಯಲ್ಲಿ ಹೇಳಿದರಾಯಿತು, ಅವನು ಏನೋ ನೆಪ ಹೇಳಿ ಸಾಯಂಕಾಲದ ಕೆಲಸವನ್ನು ನಾಳೆಗೆ ತಳ್ಳುತ್ತಾನೆ, ರಾತ್ರಿ ಪಂಪು ಓಡುತ್ತದೆ, ಯಾರಿಗೂ ನಷ್ಟವಿಲ್ಲ. ತಳ್ಳುತ್ತಾನೆಯೇ? ಹಸಿರು ಕಂಡ ಮೇಲೆ ತಳ್ಳುವ ಗಂಡಸೇ ಅವನು? ಅಕ್ಕನ ವಾರ್ಡು ಕಣ್ಣಿಗೆ ಬಂತು. ಮಂಚ, ಮಂಚದ ಪಕ್ಕದ ಕಂಬ, ಕಂಬದಲ್ಲಿ ಹಸಿರು ದೀಪ ಹೊತ್ತಿಸಿಕೊಂಡ ಪೆಟ್ಟಿಗೆ, ಮಂಚದ ಮೇಲೆ ಸುಮ್ಮನೆ ಮಲಗಿರುವವರು.

ಅಕ್ಕನ ವಾರ್ಡಿನ ನೆನಪೇ ಅವಳನ್ನು ಎಬ್ಬಿಸಿತು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅವಳನ್ನು ಎಬ್ಬಿಸಿದ್ದು ಬೇರೆ. ಚಪ್ಪಾಳೆ ಎಲ್ಲ ಕಡೆ ನಿಂತರೂ ಹಿಂದಿನ ಮೂಲೆಯಲ್ಲಿ ಒಂದು ನಿಂತಿರಲಿಲ್ಲ. ಆದ್ರೆ ಸಾರ್ ಟೀ ಲೋಟವನ್ನು ನೆಲದ ಮೇಲಿಟ್ಟು, ಎರಡೂ ಕೈ ಎತ್ತಿ, ಮನಸಾರೆ ತಟ್ಟುತ್ತಿದ್ದ. ಅವನ ಮುಖದಲ್ಲಿ ಕ್ಯಾಂಟೀನಿನ ಸುಳಿವೇ ಇರಲಿಲ್ಲ. ಅದನ್ನು ನೋಡಿದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಇದೇನಿದು? ಖಾಲಿ ಜರಡಿ ಅಲ್ಲಾಡಿಸಿದ್ದಕ್ಕೆ ತಾನು ಚಪ್ಪಾಳೆ ತೆಗೆದುಕೊಳ್ಳುವುದೇ? ಅದೂ ಈ ಮನುಷ್ಯನಿಂದ? ಜಂಬದವಳು ಹೌದು, ಸಾವಿರ ಸಲ ಹೌದು. ಆದರೆ ಅವಳು ಜಂಬಪಟ್ಟದ್ದೆಲ್ಲ ಮಾಡಿದ ಕೆಲಸಕ್ಕೆ. ಗಣಿತದಲ್ಲಿ ಗೆದ್ದಿದ್ದಕ್ಕೆ ಗೆದ್ದೆ ಅಂದಿದ್ದಳು, ಓಟದಲ್ಲಿ ಬಿದ್ದಿದ್ದಕ್ಕೆ ಬಿದ್ದೆ ಅಂದಿದ್ದಳು, ಅಪ್ಪ ಎರಡಕ್ಕೂ ಸೇರಿಸಿಯೇ ಒಂದು ತುತ್ತು ಕೊಟ್ಟಿದ್ದ. ಆಗದ ಕೆಲಸಕ್ಕೆ ಬೆನ್ನು ತಟ್ಟಿಸಿಕೊಳ್ಳುವಷ್ಟು ಗತಿಗೆಟ್ಟವಳಲ್ಲ ಅವಳು. ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಜರುಗಿ ಗೋಡೆಗೆ ತಾಗಿತು.

"ಒಂದು ನಿಮಿಷ ನಿಲ್ಲಿ," ಎಂದಳು. ಈ ಸಲ ಗಂಟಲು ಅವಳದೇ. "ಈ ಸಾಲು ಸುಳ್ಳು."

ಮ್ಯಾನೇಜರು ನಗುವುದೋ ಬೇಡವೋ ಎಂದು ನೋಡಿದ. "ಏನಮ್ಮ ಹಾಗಂದ್ರೆ? ಸೊನ್ನೆ ಅಂತ ಇದೆಯಲ್ಲ, ಹಸಿರಾಗಿ!"

"ಸೋತದ್ದು ಸೊನ್ನೆ ಅಂತ ಇದೆ. ಓಡಿದ್ದು ಎಷ್ಟು ಅಂತ ಇಲ್ಲ. ಮೊದಲು ಇತ್ತು, ನಾನೇ ತೆಗೆದೆ. ಚಿಕ್ಕದಾಗಿ ಚೆನ್ನಾಗಿ ಕಾಣಲಿ ಅಂತ." ಅವಳು ರಾತ್ರಿಯ ಫೋಲ್ಡರನ್ನು ತೆರೆದಳು. ಗೋಡೆಯಷ್ಟು ದೊಡ್ಡ ಬಿಳಿ ಕಿಟಕಿ, ಒಳಗೆ ಏನೂ ಇಲ್ಲ. "ನೋಡಿ. ರಾತ್ರಿ ಒಂದೂ ಓಡಿಲ್ಲ. ಏನೂ ಓಡದಿದ್ರೂ ನನ್ನ ಜರಡಿ ಹಸಿರು ತೋರಿಸುತ್ತೆ. ಇದು ಜರಡಿಯ ತಪ್ಪಲ್ಲ, ನನ್ನದು. ಹೋದ ವಾರ ಸಾರ್ ಇದನ್ನೇ ಕೇಳಿದ್ರು," ಎಂದು ಹಿಂದಿನ ಮೂಲೆಯ ಕಡೆ ಕೈ ತೋರಿಸಿದಳು, "ನಾನು ನಗೆಯಾಡಿ ಬಾಯಿ ಮುಚ್ಚಿಸಿದೆ."

ಆದ್ರೆ ಸಾರ್ ಬಗ್ಗಿ ನೆಲದ ಮೇಲಿನ ಟೀ ಲೋಟವನ್ನು ಎತ್ತಿಕೊಂಡ. ಡಾಕ್ಟರಮ್ಮ ಎಳೆದ ಜಿಪ್ಪನ್ನು ತೆಗೆದು, ಕನ್ನಡಕ ಹಾಕಿಕೊಂಡು, ಖಾಲಿ ಕಿಟಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಆ ಲ್ಯಾಬು ಎಲ್ಲಿದೆ?" ಎಂದರು. ಎಲ್ಲರೂ ಒಬ್ಬರ ಹಿಂದೊಬ್ಬರು ಹೊಳೆಯುವ ಓಣಿಯಲ್ಲಿ ಟಕ್ ಟಕ್ ಎನ್ನಿಸುತ್ತ ನಡೆದರು. ಲ್ಯಾಬಿನಲ್ಲಿ ಪಂಪುಗಳು ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದವು. ಗೋಡೆಯ ಹತ್ತಿರ, ಅಷ್ಟೂ ಪಂಪುಗಳಿಗೆ ವಿದ್ಯುತ್ತು ಹೋಗುವ ದಪ್ಪ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ನೆಲ ಉಜ್ಜುವ ಯಂತ್ರದ ಪ್ಲಗ್ಗು ಇನ್ನೂ ಸಿಕ್ಕಿಕೊಂಡಿತ್ತು. ಮೇಜಿನ ಮೇಲೊಂದು ಹೂದಾನಿ ಬೇರೆ. ಮ್ಯಾನೇಜರು ತಾನೇ ಇಡಿಸಿದ ಆ ಹೂದಾನಿಯನ್ನು ನೋಡದವನ ಹಾಗೆ ನೋಡಿದ. ಡಾಕ್ಟರಮ್ಮ, "ಹಾಗಾದ್ರೆ ಸಾಯಂಕಾಲ ಇಲ್ಲ. ನಿಮಗೆ ನಿಜವಾದ ಸಾಲು ಸಿಕ್ಕಾಗ ಫೋನ್ ಮಾಡಿ," ಎಂದು ಹೊರಟರು. ಬಾಗಿಲಲ್ಲಿ ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಫೋನು ಈಕೆ ಮಾಡಲಿ," ಎಂದು ಮ್ಯಾನೇಜರಿಗೆ ಹೇಳಿ ಹೋದರು. ಅವರು ಲಿಫ್ಟು ಹತ್ತಿದ್ದೇ ತಡ, ಮ್ಯಾನೇಜರು ಹಲ್ಲು ಕಚ್ಚಿ, "ಆಮೇಲೆ ಕಿವೀಲಿ ಹೇಳಬಹುದಿತ್ತಲ್ಲಮ್ಮ! ಎಲ್ಲರೆದುರಿಗೆ ಮಾನ ಕಳೀಬೇಕಿತ್ತಾ?" ಎಂದ. "ಕಳೆದಿದ್ದು ನನ್ನ ಮಾನ ಸಾರ್, ನಿಮ್ಮದು ಹಾಗೇ ಇದೆ," ಎಂದಳು. ಅವಳನ್ನು ಮುಖ್ಯಸ್ಥೆ ಮಾಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಅವಳು ಮಂಡಿಯೂರಿ ಕೂತು ಉಜ್ಜುವ ಯಂತ್ರದ ಪ್ಲಗ್ಗು ಕಿತ್ತು, ದಪ್ಪ ಪ್ಲಗ್ಗನ್ನು ತಳ್ಳಿ ಸಿಕ್ಕಿಸಿದಳು. ಪಂಪುಗಳು ಒಂದೊಂದಾಗಿ ಕಣ್ಣು ಬಿಟ್ಟು ಗುಂಯ್ ಎಂದವು. ಮಂಡಿಗೆ ನೆಲದ ಮೇಣ ಮೆತ್ತಿಕೊಂಡಿತ್ತು. ಅದನ್ನು ಒರೆಸಿಕೊಳ್ಳುತ್ತಿದ್ದಾಗ, ಇಷ್ಟೆಲ್ಲ ಆದ ಮೇಲೂ ತನ್ನ ಎದೆಯೊಳಗಿನ ಉಬ್ಬು ಇಳಿದೇ ಇಲ್ಲವೆಂಬುದು ಗೊತ್ತಾಗಿ ಆಶ್ಚರ್ಯವಾಯಿತು.

ಸಂಜೆ ಅಕ್ಕ ಬಂದವಳೇ, "ಹೊಸದು ಬರಲೇ ಇಲ್ಲ, ಯಾಕೆ? ಒಂದೇ ಮಾತಲ್ಲಿ ಹೇಳಿಬಿಡು, ಸುಸ್ತಾಗಿದೆ," ಎಂದು ಕುರ್ಚಿಯಲ್ಲಿ ಕುಕ್ಕರಿಸಿದಳು. "ಒಂದೇ ಮಾತಲ್ಲಿ ಆಗಲ್ಲ, ಕೂತ್ಕೋ," ಎಂದು ಅವಳು ಹಲ್ಲುಜ್ಜಿದಲ್ಲಿಂದ ಶುರು ಮಾಡಿದಳು. ಬೂಟಿನ ಸದ್ದು, ಕುಡಿಯದ ಗುಟುಕು, ಹೂದಾನಿ, ಚಮಚದಿಂದ ಎತ್ತಿದ ಬಿಸ್ಕತ್ತು, ಒಂದನ್ನೂ ಬಿಡಲಿಲ್ಲ. ಅಕ್ಕ ಗಡಿಯಾರ ನೋಡಲಿಲ್ಲ. ಕಾಲಿನ ಮೇಲೆ ಕಾಲು ಹಾಕಿಕೊಂಡು ಕೇಳಿ, ಕೊನೆಗೆ, "ಎಲ್ಲರ ಎದುರಿಗೇ ಹೇಳಿದ್ಯಾ? ಅದೂ ಜಂಬಾನೇ ಕಣೇ ಚುಟುಕಿ," ಎಂದಳು. "ಜಂಬಾನೇ. ಅಲ್ಲ ಅಂದೋರ್ಯಾರು?" ಅಕ್ಕ ನಕ್ಕುಬಿಟ್ಟಳು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಆ ನಾಯಿ ಕುಂಟ್ತಿದ್ದದ್ದು ಯಾಕೆ ಅಕ್ಕ?" "ಯಾವ ನಾಯಿ?" "ಶಾಲೆ ಗೇಟಿಂದು." ಅಕ್ಕ ಒಂದು ಗಳಿಗೆ ಬೆರಗಾಗಿ ನೋಡಿ, ಅನ್ನಕ್ಕಿಡಲು ಎದ್ದಳು. ಎದ್ದವಳು ಒಲೆಯ ಹತ್ತಿರದಿಂದಲೇ ಆ ಕಥೆಯನ್ನು ಹೇಳತೊಡಗಿದಳು, ಗೇಟಿನಿಂದ.

ಮಾರನೆಯ ದಿನ ಬೆಳಿಗ್ಗೆ ಜರಡಿ ಒಂದು ಗುಟುಕಿನ ಹೊತ್ತು ತೆಗೆದುಕೊಂಡು ಕೆಂಪು ಸಾಲು ಹೇಳಿತು: ಸೋತದ್ದು ನಾಲ್ಕು. ನಾಲ್ಕೂ ಒಂದೇ ಕಾರಣಕ್ಕೆ. ಕರೆಂಟು ಹೋಗಿ ಬಂದರೆ ಹನಿಯ ವೇಗವನ್ನು ಪಂಪು ಮರೆತುಬಿಡುತ್ತಿತ್ತು. ಮರೆತು, ತನಗೆ ತೋಚಿದ ವೇಗದಲ್ಲಿ ಬಿಡುತ್ತಿತ್ತು. ಕೆಂಪು ಸಾಲನ್ನು ಅವಳು ಎರಡು ಸಲ ಓದಿದಳು. ತಾನು ಸುಮ್ಮನಿದ್ದಿದ್ದರೆ ಆ ಪಂಪು ನಿನ್ನೆ ಸಾಯಂಕಾಲ ಯಾವ ಮಂಚದ ಪಕ್ಕದಲ್ಲಿರುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು. ಮ್ಯಾನೇಜರು ಹಿಂದೆ ಬಂದು ನಿಂತು ಓದಿದ, ನೆಟ್ಟಗೆ ಹೋಗಿ ಸಾಫ್ಟ್‌ವೇರು ಬರೆಯುವವರನ್ನು ಕೂಗಿ ಕರೆದ. ಅವಳು ಡಾಕ್ಟರಮ್ಮನಿಗೆ ಫೋನು ಮಾಡಿ ನಾಲ್ಕನ್ನೂ ಹೇಳಿದಳು, ಉದ್ದಕ್ಕೇ ಹೇಳಿದಳು. ಆಮೇಲೆ ಜರಡಿಯನ್ನು ಬಿಚ್ಚಿಕೊಂಡು ಕೂತಳು. ಇಷ್ಟು ಓಡಿದವು, ಇಷ್ಟು ಗೆದ್ದವು, ಇಷ್ಟನ್ನು ಬಿಟ್ಟೆವು ಎಂದು ಕತ್ತರಿಸಿ ಬಿಸಾಡಿದ್ದನ್ನೆಲ್ಲ ವಾಪಸು ಹೊಲಿದಳು. ಒಂದು ಸಾಲು ಹೋಗಿ ನಾಲ್ಕು ಸಾಲಾಯಿತು. ಅಪ್ಪನಿಗೆ ತೂಕಡಿಕೆ ಬಂದರೆ ಬರಲಿ. ಅದಾದ ಮೇಲೆ ಹೊಸ ಸಾಲೊಂದನ್ನು ಬರೆದಳು. ಅದಕ್ಕೆ ಮಧ್ಯಾಹ್ನದ ಊಟ ಹೋಯಿತು.

"ಸಾರ್, ಸ್ವಲ್ಪ ಬರ್ತೀರಾ?" ಆದ್ರೆ ಸಾರ್ ಟೀ ಲೋಟದ ಸಮೇತ ಬಂದು ಅವಳ ಕುರ್ಚಿಯಲ್ಲಿ ಕೂತ. ಅವಳು ಪಕ್ಕದಲ್ಲಿ ನಿಂತಳು. "ನೀವೇ ಓಡಿಸಿ. ಖಾಲಿ ಫೋಲ್ಡರ್ ಕೊಟ್ಟು." ಅವನು ತೋರುಬೆರಳೊಂದರಿಂದಲೇ ಒಂದೊಂದು ಅಕ್ಷರ ಹುಡುಕಿ ಟೈಪು ಮಾಡಿ, ಕೀಲಿ ಒತ್ತಿದ. ಕೆಂಪು ಅಕ್ಷರ ಬಿತ್ತು: 'ಆದ್ರೆ, ಕಾಳೆಲ್ಲಿ?'

ಅವನು ಓದಿದ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಹಾಕಿಕೊಂಡು ಮತ್ತೆ ಓದಿದ. ಎಲ್ಲ ಶಾಖೆಗಳಿಗೂ ಜರಡಿ ಹೋಗುವುದಾದರೆ ಎಲ್ಲ ಶಾಖೆಗಳಲ್ಲೂ ಅದು ಹೀಗೆಯೇ ಕೇಳುತ್ತದೆ ಎಂಬುದು ಅವನಿಗೆ ಹೊಳೆದಿರಬೇಕು, ಕಿವಿ ಕೆಂಪಗಾಯಿತು. ಆದರೂ ಅಷ್ಟಕ್ಕೇ ಬಿಡುವ ಆಸಾಮಿಯೇ ಅವನು? ಇಲ್ಲದೇ ಇರುವ ಫೋಲ್ಡರಿನ ಹೆಸರು ಕೊಟ್ಟು ನೋಡಿದ. 'ಆದ್ರೆ, ಕಾಳೆಲ್ಲಿ?' ಅರ್ಧಕ್ಕೆ ನಿಂತುಹೋದ ಹಳೆಯ ರಾತ್ರಿಯೊಂದನ್ನು ಹುಡುಕಿ ಕೊಟ್ಟ. 'ಆದ್ರೆ, ಇಷ್ಟೇ ಕಾಳಾ?' ಅವಳು ಅವನ ಬೆರಳನ್ನೇ ನೋಡುತ್ತಿದ್ದಳು. ಸಭೆಯಲ್ಲಿ ಅಷ್ಟು ಜನರೆದುರಿಗೆ ಕೀಲಿ ಒತ್ತುವಾಗಲೂ ಅವಳ ಕೈ ಹೀಗೆ ಬೆವೆತಿರಲಿಲ್ಲ.

"ಆದ್ರೆ ಮೇಡಂ..." ಎಂದು ಅವನು ಶುರು ಮಾಡಿದ. ಬೆರಳು ಕೀಲಿಗಳ ಮೇಲೆ ಸುಳಿದಾಡಿತು. ಮುಂದಿನ ಮಾತಿಗಾಗಿ ಅವಳು ಕಾದಳು.

"ಹೇಳಿ ಸಾರ್. ಆದ್ರೆ ಏನು?"

"ಏನಿಲ್ಲ," ಎಂದ ಅವನು, ತನಗೇ ಸೋಜಿಗವಾದವನಂತೆ. ಟೀ ಲೋಟ ಎತ್ತಿಕೊಂಡು ಎದ್ದು ನಿಂತ. "ದೊಡ್ಡ ಕೆಲಸ ಮಾಡಿದ್ರಿ ಮೇಡಂ."

ಅವಳು ತಲೆ ತಗ್ಗಿಸಲಿಲ್ಲ. "ಹೌದು ಸಾರ್," ಎಂದಳು, "ದೊಡ್ಡ ಕೆಲಸಾನೇ."